ಬರಿಗಾಲಿನ ಹದ್ದು, ಪೈಜಾಮದ ಹದ್ದು

ಹದ್ದು ಎಂದರೆ ಹದ್ದು, ಅದರಲ್ಲೇನು ಭೇದ ಎನ್ನುವವರ ಜೊತೆ ನಾನು ಇವತ್ತಿಗೂ ವಾದಕ್ಕೆ ನಿಲ್ಲುತ್ತೇನೆ. ಮದುವೆ ಮನೆಯಾದರೂ ಸರಿ, ಬಸ್ ನಿಲ್ದಾಣವಾದರೂ ಸರಿ. ಬಳಗದವರು ನನಗೆ ಮೊಂಡಿ ಎಂದು ಹೆಸರಿಟ್ಟಿದ್ದಾರೆ; ಇಟ್ಟುಕೊಳ್ಳಲಿ. ಈ ಮೊಂಡುತನ ಹುಟ್ಟಿನಿಂದ ಬಂದದ್ದಲ್ಲ. ತ್ರಿಪ್ಪುಣಿತ್ತುರದ ಒಂದು ಬಾಡಿಗೆ ಮನೆಯ ಹಿತ್ತಲಲ್ಲಿ, ಏಳನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ, ಒಂದು ಕಾಡುಮಾವಿನ ಮರದ ಬುಡದಲ್ಲಿ ಕೂತಾಗ ಬಂದದ್ದು. ಅದನ್ನು ಬಿಟ್ಟುಕೊಡುವ ಮನಸ್ಸು ನನಗಿನ್ನೂ ಬಂದಿಲ್ಲ.

ಅಪ್ಪನಿಗೆ ಬ್ಯಾಂಕಿನ ನೌಕರಿ. ಬೆಳಗಾವಿ ಕಡೆಯಿಂದ ಕೊಚ್ಚಿಗೆ ವರ್ಗವಾಗಿ ಬಂದಾಗ ನಾನು ಇನ್ನೂ ಶಾಲೆ ಮೆಟ್ಟಿಲು ಹತ್ತದ ಕೂಸು. ಮನೆಯಲ್ಲಿ ನಾಲ್ಕೇ ಜನ: ಅಪ್ಪ, ಅವ್ವ, ಅಪ್ಪನ ತಾಯಿ, ಮತ್ತೆ ನಾನು. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಹೆಂಚಿನ ಮನೆ. ಮುಂದಿನ ಕೋಣೆ ಅಪ್ಪನ ಪೇಪರುಗಳದು, ನಡುಮನೆ ಆಯಿಯ ದೇವರದು, ಅಡುಗೆಮನೆ ಅವ್ವನದು, ಬಟ್ಟೆ ಒಗೆಯುವ ಕಲ್ಲಿದ್ದ ಹಿಂದಿನ ಜಗಲಿ ನನ್ನದು. ಆಯಿಯ ದೇವರೆಂದರೆ ಗೇಣುದ್ದದ ಹಿತ್ತಾಳೆಯ ಪಾರ್ಶ್ವನಾಥ. ತಲೆಯ ಮೇಲೆ ಹೆಡೆ ಬಿಚ್ಚಿದ ಸರ್ಪ. ನಾವು ಜೈನರು. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಯಾರೂ ತುತ್ತು ಎತ್ತುವಂತಿಲ್ಲ. ನೆಲದೊಳಗೆ ಬೆಳೆಯುವ ಗಡ್ಡೆ ಗೆಣಸು, ಉಳ್ಳಾಗಡ್ಡಿ, ಬೆಳ್ಳುಳ್ಳಿ ಹೊಸ್ತಿಲು ದಾಟುವಂತಿಲ್ಲ. ಸಂಜೆ ಅವ್ವ ರೊಟ್ಟಿ ಬಡಿಯಲು ಕೂತರೆ ಆ ಸದ್ದು ಇಡೀ ಕಾಂಪೌಂಡಿಗೆ ಕೇಳುತ್ತಿತ್ತು. ಜೋಳದ ಹಿಟ್ಟು ಊರಿಂದಲೇ ಬರಬೇಕು. ಬರುವುದು ತಡವಾದರೆ ಅವ್ವನ ಸಿಟ್ಟು ಅಪ್ಪನ ಮೇಲೆ. ಅಪ್ಪ ಮನೆಗೆ ಬರುವಷ್ಟರಲ್ಲಿ ಕತ್ತಲಾಗುತ್ತಿದ್ದುದರಿಂದ ಬ್ಯಾಂಕಿನಲ್ಲೇ ಡಬ್ಬಿ ಬಿಚ್ಚಿ ಊಟ ಮುಗಿಸುತ್ತಿದ್ದ. ಅಲ್ಲಿಯವರೆಲ್ಲ ಅವನನ್ನು ಗುಜರಾತಿ ಎಂದೇ ತಿಳಿದಿದ್ದರು. ಕೊಚ್ಚಿಯಲ್ಲಿ ಜೈನರು ಎಂದರೆ ಮಟ್ಟಾಂಚೇರಿಯ ಗುಜರಾತಿ ವ್ಯಾಪಾರಿಗಳು, ಮುಗಿಯಿತು. ಪಾಟೀಲ ಹೋಗಿ ಪಟೇಲ್ ಸಾರ್ ಆಗಿದ್ದ. ಅಪ್ಪ ಒಂದು ದಿನವೂ ತಿದ್ದಲಿಲ್ಲ. ಯಾಕೆ ತಿದ್ದಬೇಕು, ಕರೆದರೆ ಓ ಎಂದರಾಯಿತು ಎನ್ನುವ ಸ್ವಭಾವ ಅವನದು. ನನಗೆ ಇದು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು.

ಮನೆಯ ಒಡತಿ ಸರೋಜಿನಿಯಮ್ಮ ಅದೇ ಕಾಂಪೌಂಡಿನ ದೊಡ್ಡ ಮನೆಯಲ್ಲಿದ್ದರು. ಬಿಳಿ ಮುಂಡು ಉಟ್ಟ, ಹಣೆಗೆ ಗಂಧ ಹಚ್ಚಿದ ವಿಧವೆ. ನಾನು ಅವರನ್ನು ಅಲ್ಲಿಯವರ ಹಾಗೆ ಅಮ್ಮೂಮ್ಮ, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದೆ. ನಾವು ಬಂದ ಮೊದಲ ವಾರ ಅವರು ಪ್ರೀತಿಯಿಂದ ಬೇಯಿಸಿದ ಮರಗೆಣಸು ಕಳಿಸಿದರು. ಆಯಿ ಅದನ್ನು ಮುಟ್ಟದೆ ಬೀದಿಯ ಆಕಳಿಗೆ ಹಾಕಿಸಿದಳು. ಆಮೇಲೆ ತಮ್ಮ ಕೋಳಿ ಇಟ್ಟ ಬಿಸಿ ಮೊಟ್ಟೆ ಕಳಿಸಿದರು, ಬೆಳೆಯುವ ಹುಡುಗಿಗೆ ಒಳ್ಳೆಯದು ಎಂದು. ಅವ್ವ ಮೊಟ್ಟೆಯನ್ನು ಕೈಯಲ್ಲಿ ಹಿಡಿಯಲೂ ಆಗದೆ, ಬೇಡ ಎನ್ನಲು ಭಾಷೆಯೂ ಬಾರದೆ, ಬಾಗಿಲಲ್ಲಿ ಸೆರಗೊಡ್ಡಿ ನಿಂತಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಅಮ್ಮೂಮ್ಮನಿಗೆ ಕೋಳಿಗಳೆಂದರೆ ಜೀವ. ಪ್ರತಿಯೊಂದಕ್ಕೂ ಹೆಸರಿತ್ತು. ಅವರ ಇನ್ನೊಂದು ಜೀವ ಹಿತ್ತಲ ಮೂಲೆಯ ಕಾವು. ಕಾವು ಎಂದರೆ ನಮ್ಮ ಕರಾವಳಿಯವರ ನಾಗಬನದಂಥದು: ನಾಲ್ಕಾರು ನಾಗರಕಲ್ಲು, ಸುತ್ತ ಕತ್ತಿ ತಾಗಿಸದ ಮರ ಬಳ್ಳಿ. ಅಲ್ಲಿಂದ ಒಂದು ಕಡ್ಡಿಯನ್ನೂ ಮುರಿಯುವಂತಿಲ್ಲ. ಪ್ರತಿ ಸಂಜೆ ಅಮ್ಮೂಮ್ಮ ದೀಪ ಹಿಡಿದು ಹೋಗಿ ಬರುತ್ತಿದ್ದರು. ಕಾವಿನ ಅಂಚಿಗೆ, ಒಳಗೂ ಅಲ್ಲದೆ ಹೊರಗೂ ಅಲ್ಲದೆ, ಒಂದು ದೊಡ್ಡ ಕಾಡುಮಾವಿನ ಮರವಿತ್ತು. ಅವರ ಮಗ ಸುರೇಂದ್ರನ್ ಎರ್ನಾಕುಳಂನಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದವನು. ಆ ಮರ ಹೋದರೆ ಅಲ್ಲಿ ಕಾರು ನಿಲ್ಲಿಸಲು ಶೆಡ್ಡು ಹಾಕಬಹುದು ಎಂದು ಹೊಂಚಿಕೊಂಡಿದ್ದ. ತಾಯಿ ಬೇಡ ಎಂದರೆ ಬೇಡವೇ, ಹಾಗಾಗಿ ಸುಮ್ಮನಿದ್ದ.

ಹದ್ದುಗಳು ನನ್ನ ತಲೆಗೆ ಹೊಕ್ಕದ್ದು ಶಾಲೆಯಿಂದ ತಟ್ಟೇಕ್ಕಾಡಿನ ಕಾಡಿಗೆ ಹೋದ ದಿನ. ಬಿಸಿಲೇರುತ್ತಿದ್ದ ಹಾಗೆ ಮರಗಳ ಮೇಲಿಂದ ಒಂದು ಕೂಗು ಕೇಳಿತು, ಸಿಳ್ಳೆ ಹೊಡೆದು ಯಾರನ್ನೋ ಜಗಳಕ್ಕೆ ಕರೆದ ಹಾಗೆ. ದೊಡ್ಡ ಹಕ್ಕಿ ಸುತ್ತುತ್ತಿತ್ತು. ರೆಕ್ಕೆಯ ಅಡಿಯಲ್ಲಿ ಅಗಲವಾದ ಬಿಳಿ ಪಟ್ಟಿ, ಬಾಲಕ್ಕೂ ಅದೇ ಬಿಳಿ ಪಟ್ಟಿ. ಅದು ಹಾವುಹದ್ದು, ಮಲಯಾಳದಲ್ಲಿ ಚುಟ್ಟಿಪ್ಪರುಂದ್ ಎಂದು ಟೀಚರ್ ಹೇಳಿದರು. ಆಮೇಲೆ ಅದು ಒಣಗಿದ ಕೊಂಬೆಗೆ ಇಳಿದಾಗ ದುರ್ಬೀನಿನಲ್ಲಿ ತೋರಿಸಿದರು: ಮುಖಕ್ಕೆ ಅರಿಶಿನ ಬಳಿದಂಥ ಬಣ್ಣ, ಹೊಟ್ಟೆಯ ತುಂಬ ಬಿಳಿ ಚುಕ್ಕಿ, ಹಳದಿಯ ಬೋಳು ಕಾಲು. ಊಟ ಮುಗಿಸಿ ಅದೇ ದಾರಿಯಲ್ಲಿ ಮರಳುವಾಗ ಟೀಚರ್ ತಟ್ಟನೆ ನಿಂತು ಬೆರಳು ತೋರಿಸಿದರು. ನಮ್ಮ ತಲೆಯ ಮೇಲಿನ ಕೊಂಬೆಯಲ್ಲೇ ಇನ್ನೊಂದು ಕೂತಿತ್ತು. ಹೋಗುವಾಗಲೂ ಅಲ್ಲೇ ಇತ್ತೇನೋ, ನಮಗೆ ಗೊತ್ತೇ ಆಗಿರಲಿಲ್ಲ. ಸಪೂರ ಮೈ, ಎದೆಯ ಮೇಲೆ ಉದ್ದುದ್ದ ಕಂದು ಗೀರು, ತರಗತಿಯಲ್ಲಿ ಕೈ ಎತ್ತಿದ ಹುಡುಗನ ಹಾಗೆ ನೆಟ್ಟಗೆ ನಿಂತ ಜುಟ್ಟು. ಕಾಲಿಗೆ ಬೆರಳಿನವರೆಗೂ ಪುಕ್ಕ, ಬಿಗಿ ಪೈಜಾಮ ತೊಟ್ಟ ಹಾಗೆ. ಅದು ಕಿನ್ನರಿಪ್ಪರುಂದ್. ಕೂಗಿ ಹೇಳುವ ಜಾತಿಯಲ್ಲ. ಎಲೆಮರೆಯಲ್ಲಿ ಕೂತು, ಅಳಿಲೋ ಕಾಡುಕೋಳಿಯೋ ಬಂದಾಗ ಎರಗುವ ಜಾತಿ. ಮನೆಗೆ ಬಂದು ಅವ್ವನಿಗೆ ಎರಡನ್ನೂ ವರ್ಣಿಸಿದೆ. ನಮ್ಮ ಮನೆಯಲ್ಲೂ ಈ ಎರಡು ಜಾತಿಯವರಿದ್ದಾರೆ, ನೀನು ಕೂಗುವ ಹದ್ದು, ಅಪ್ಪ ಕೂತ ಹದ್ದು ಎಂದೆ. ಅವ್ವನ ಲಟ್ಟಣಿಗೆ ನನ್ನ ಬೆನ್ನಿನ ಕಡೆಗೆ ಬಂತು.

ಆ ಮಾಘದಲ್ಲಿ ಕಾಡುಮಾವಿನ ಕವಲಿನಲ್ಲಿ ಗೂಡು ಬಂತು. ಜಗಲಿಯ ಒಗೆಯುವ ಕಲ್ಲಿನ ಮೇಲೆ ಕೂತರೆ ಪೂರ್ತಿ ಕಾಣುತ್ತಿತ್ತು. ಹಸಿರೆಲೆಯ ಕಡ್ಡಿ ಕಚ್ಚಿಕೊಂಡು ಬಂದ ಹಕ್ಕಿ ಗೂಡಿನ ಅಂಚಿಗೆ ಕಾಲು ಊರಿದಾಗ ನಾನು ಆ ಕಾಲನ್ನೇ ನೋಡಿದೆ. ಹಳದಿ. ಬೋಳು. ಹಾವುಹದ್ದು! ಕಾಡಿನ ಹಕ್ಕಿ ನಮ್ಮ ಅಡುಗೆಮನೆಯ ಕಿಟಕಿಯ ಎದುರಿಗೆ ಬಂದು ಸಂಸಾರ ಹೂಡಿತ್ತು. ನನ್ನ ಸಂತೋಷ ಮನೆಯಲ್ಲಿ ಯಾರಿಗೂ ಹಿಡಿಸಲಿಲ್ಲ. ಪರೀಕ್ಷೆ ಹತ್ತಿರ ಬಂದಿತ್ತು, ನಾನು ಜಗಲಿ ಬಿಟ್ಟು ಏಳುತ್ತಿರಲಿಲ್ಲ.

“ಮಾಂಸ ತಿನ್ನೂ ಹಕ್ಕಿ ಹಿಂದ ಯಾಕ ಬಿದ್ದೀಯವ್ವಾ? ನೋಡಾಕ ನವಿಲಿಲ್ಲೇನು?” ಎಂದಳು ಆಯಿ.

“ನವಿಲೂ ಹಾವು ತಿನ್ನುತ್ತದೆ ಆಯಿ,” ಎಂದು ನಾನು ಮಲಯಾಳದಲ್ಲಿ ಹೇಳಿದೆ.

“ಕನ್ನಡದಾಗ ಮಾತಾಡು,” ಒಳಗಿಂದ ಅವ್ವ ಕೂಗಿದಳು. “ಮಲಯಾಳದಾಗ ವಾದ ಮಾಡಿದ್ರ ನನಗ ತಿರುಗಿ ಬೈಯಾಕ ಬರಂಗಿಲ್ಲ!”

ಮಟ್ಟಾಂಚೇರಿಯ ಗುಜರಾತಿಗಳ ಬಸದಿಗೆ ಹೋದಾಗಲೂ ಇದೇ ಕಥೆ. ಅದು ನಮ್ಮ ಪಂಥದ್ದಲ್ಲ, ಆದರೂ ಜಿನ ಜಿನನೇ ಎಂದು ಆಯಿ ನನ್ನನ್ನು ಕರೆದುಕೊಂಡು ಬಸ್ಸು ಹತ್ತುತ್ತಿದ್ದಳು. ಅಲ್ಲಿ ಪಾರಿವಾಳಗಳಿಗೆ ಕಾಳು ಹಾಕುತ್ತಾರೆ. ಎಲ್ಲರೂ ಪಾರಿವಾಳ ನೋಡಿದರೆ ನಾನು ಆಕಾಶ ನೋಡುತ್ತಿದ್ದೆ, ಯಾವುದಾದರೂ ಬೇಟೆಹಕ್ಕಿ ಇವುಗಳ ಮೇಲೆ ಎರಗಬಹುದೇ ಎಂದು. ಆಯಿಗೆ ನನ್ನ ಕಣ್ಣು ಎತ್ತ ಹೋಗಿದೆ ಎಂದು ಗೊತ್ತಾಗಿ ತೋಳು ಜಿಗುಟುತ್ತಿದ್ದಳು. ಕೊಲ್ಲುವುದು ಪಾಪ ಎಂದು ನನಗೂ ಗೊತ್ತಿತ್ತು. ಆದರೆ ಆ ಪಾಪ ಹದ್ದಿಗೆ ಯಾಕೆ ತಟ್ಟಬೇಕು ಎಂಬುದಕ್ಕೆ ಯಾರೂ ಸರಿಯಾದ ಉತ್ತರ ಕೊಡಲಿಲ್ಲ.

ಗೂಡಿನಲ್ಲಿ ಬಿಳಿ ತುಪ್ಪುಳದ ಒಂದೇ ಒಂದು ಮರಿ ತಲೆ ಎತ್ತುವ ಹೊತ್ತಿಗೆ ಅಮ್ಮೂಮ್ಮನ ಕೋಳಿಗಳು ಕಾಣೆಯಾಗತೊಡಗಿದವು. ಮೊದಲು ಒಂದು ಪಿಳ್ಳೆ, ಆಮೇಲೆ ಲಕ್ಷ್ಮಿ ಎಂಬ ಹೆಸರಿನ ಹೇಂಟೆ. ಅಂಗಳದಲ್ಲಿ ಪುಕ್ಕ ಬಿದ್ದಿತ್ತು. ಸುರೇಂದ್ರನ್ ತಲೆ ಎತ್ತಿ ಮಾವಿನ ಮರ ನೋಡಿದ. ಅವನಿಗೆ ಬೇಕಾದ ನೆಪ ಅಲ್ಲೇ ಕೂತಿತ್ತು. ಕಳ್ಳನಿಗೆ ಮನೆ ಕಟ್ಟಲು ನಾವೇ ಜಾಗ ಕೊಟ್ಟಿದ್ದೇವೆ, ಮರ ಕಡಿಸಿದರೆ ಕಾಟ ತಪ್ಪುತ್ತದೆ ಎಂದು ದಿನಾ ತಾಯಿಯ ಕಿವಿಯಲ್ಲಿ ಊದತೊಡಗಿದ. ಕೋಳಿಯ ದುಃಖದಲ್ಲಿದ್ದ ಅಮ್ಮೂಮ್ಮ, ಮರ ಕಾವಿನ ಒಳಗಂತೂ ಇಲ್ಲವಲ್ಲ ಎನ್ನುವಷ್ಟು ಮೆತ್ತಗಾದರು. ಆದರೆ ನಿಜವಾದ ಕಳ್ಳನನ್ನು ನಾನು ಕಂಡಿದ್ದೆ. ಒಂದು ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತ ಜಗಲಿಗೆ ಬಂದಾಗ ಹಲಸಿನ ಎಲೆಗಳ ನಡುವಿಂದ ಏನೋ ಸದ್ದಿಲ್ಲದೆ ಜಾರಿ ಅಂಗಳಕ್ಕೆ ಬಿತ್ತು. ಕೋಳಿ ಒಂದು ಸಲ ಕಿರುಚಿತು, ಅಷ್ಟೇ. ಎತ್ತಿಕೊಂಡು ಏಳುವಾಗ ಆ ಕಾಲು ಸ್ಪಷ್ಟವಾಗಿ ಕಂಡಿತು. ಪೈಜಾಮ! ಕಾಡಿನ ಕಡೆಯಿಂದ ದಾರಿ ತಪ್ಪಿ ಬಂದ ಕಿನ್ನರಿಪ್ಪರುಂದ್. ಕದ್ದವನು ಒಬ್ಬ, ಮನೆ ಕೆಡವುವುದು ಇನ್ನೊಬ್ಬನದು. ನಾನು ಓಡಿಹೋಗಿ ಹೇಳಿದರೆ ಸುರೇಂದ್ರನ್ ಹೊಟ್ಟೆ ಹಿಡಿದುಕೊಂಡು ನಕ್ಕ.

“ಪೈಜಾಮ ಹಾಕಿದ ಹದ್ದು! ಅದಕ್ಕೆ ಶರ್ಟು ಇರಲಿಲ್ಲವೇ ಮೋಳೇ?”

ಮೋಳೇ, ಮಗಳೇ, ಎಂದು ಕರೆದು ನಕ್ಕ ಆ ನಗು ನನಗೆ ಸಹಿಸಲಾಗಲಿಲ್ಲ. ಪುರಾವೆ ಬೇಕು ಎಂದು ಗೂಡಿನ ಕೆಳಗೆ ಹುಡುಕಾಡಿದೆ. ಮರುದಿನವೇ ಸಿಕ್ಕಿತು: ಮೇಲಿಂದ ಬಿದ್ದ, ಅರ್ಧ ತಿಂದುಳಿದ ಕೇರೆಹಾವಿನ ಬಾಲದ ಕಡೆಯ ತುಂಡು, ನನ್ನ ತೋಳಿನಷ್ಟು ಉದ್ದ. ಕೋಲಿಗೆ ಸುತ್ತಿಕೊಂಡೆ. ಅವ್ವ ಅಡುಗೆಮನೆಯ ಕಿಟಕಿಯಿಂದ ನೋಡಿ “ಅಯ್ಯೋ, ಇದೇನ ಹೆಣಾ ಹೊತಗೊಂಡು ಹೊಂಟಿ” ಎಂದು ಚೀರುತ್ತಿದ್ದರೂ ನಿಲ್ಲದೆ, ಯುದ್ಧ ಗೆದ್ದವಳ ಹಾಗೆ ನಡೆದುಹೋಗಿ ಅಮ್ಮೂಮ್ಮನ ಜಗಲಿಯ ಮೇಲೆ, ಅವರು ಸಂಜೆಯ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದ ಜಾಗದಲ್ಲಿ, ಅದನ್ನು ಇಳಿಸಿದೆ.

“ನೋಡಿ ಅಮ್ಮೂಮ್ಮ. ಗೂಡಿನಿಂದ ಬಿತ್ತು. ಈ ಹಕ್ಕಿ ತಿನ್ನುವುದು ಹಾವು. ಕೋಳಿ ಅಲ್ಲ!”

ಅವರ ಕೈಯಲ್ಲಿದ್ದ ಬತ್ತಿ ಕೆಳಗೆ ಬಿತ್ತು. ದಿನಾ ಹಾವುಗಳಿಗೆ ದೀಪ ಇಡುವ ಹೆಂಗಸಿನ ಎದುರು ಹಾವಿನ ಹೆಣ ಇಟ್ಟಿದ್ದೇನೆ ಎಂಬುದು ನನಗೆ ಹೊಳೆದದ್ದೇ ಆಗ. ತಲೆಯ ಮೇಲೆ ಸರ್ಪ ಹೊತ್ತ ದೇವರಿಗೆ ದಿನಾ ಕೈ ಮುಗಿಯುವ ಮನೆಯವಳು ನಾನು. ನನಗೆ ಮೊದಲೇ ತಿಳಿಯಬೇಕಿತ್ತು. ಹಕ್ಕಿಯ ಕಾಲಿನ ಮೇಲೆ ಇದ್ದ ಕಣ್ಣು ಮನುಷ್ಯರ ಮುಖದ ಮೇಲೆ ಇರಲಿಲ್ಲ.

“ನಾಗಂಗಳನ್ನು ತಿನ್ನುತ್ತಿದೆಯಾ?” ಅವರ ದನಿ ಏಳಲಿಲ್ಲ. “ನನ್ನ ಕಾವಿನಲ್ಲಿ ಕೂತು?”

“ಇದು ನಾಗರಹಾವಲ್ಲ ಅಮ್ಮೂಮ್ಮ, ಬರೀ ಕೇರೆ.”

“ಹೊರಗೆ ಕೇರೆ ಇರಬಹುದು. ಕಾವಿನ ಒಳಗೆ ಇರುವುದೆಲ್ಲ ನಾಗಂಗಳೇ.”

ಬಾಣಲೆಯಿಂದ ಬೆಂಕಿಗೆ ಎನ್ನುತ್ತಾರಲ್ಲ, ಹಾಗೆ ಮಾಡಿದ್ದೆ ನಾನು. ಕಳ್ಳತನದ ಆರೋಪದಿಂದ ಹಕ್ಕಿಯನ್ನು ಬಿಡಿಸಲು ಹೋಗಿ ಕೊಲೆಯ ಆರೋಪಕ್ಕೆ ಸಿಕ್ಕಿಸಿದ್ದೆ. ಕೋಳಿಯ ವಿಷಯದಲ್ಲಿ ಹಿಂದುಮುಂದು ನೋಡುತ್ತಿದ್ದ ಅಮ್ಮೂಮ್ಮ ಈಗ ಒಂದೇ ಮಾತಿನಲ್ಲಿ ಒಪ್ಪಿದರು. ಶನಿವಾರ ಮರ ಕಡಿಯುವವನು ಬರುತ್ತಾನೆಂದು ಸುರೇಂದ್ರನ್ ನಮ್ಮ ಬಾಗಿಲಿಗೇ ಬಂದು, ಆ ಕಡೆ ಬಟ್ಟೆ ಒಣಗಿಸಬೇಡಿ ಎಂದು ಹೇಳಿಹೋದ. ಮರಿಗೆ ಇನ್ನೂ ರೆಕ್ಕೆಯ ಗರಿ ಬಲಿತಿರಲಿಲ್ಲ. ಮರ ಉರುಳಿದರೆ ಅದೂ ಉರುಳುತ್ತದೆ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ದಿನ ನಡುಮನೆಯಲ್ಲಿ ಪಂಚಾಯಿತಿ ಕೂತಿತು. ಅಪ್ಪನಿಗೆ ತಿರುವನಂತಪುರಕ್ಕೆ ವರ್ಗವಾಗುವ ಸುದ್ದಿ ಆಗಲೇ ಬಂದಿತ್ತು. ಹೋಗುವ ಮುಂಚೆ ಮನೆಯೊಡತಿಯ ಜೊತೆ ನಿಷ್ಠುರ ಬೇಡ ಎಂಬುದು ಅವನ ಚಿಂತೆ. ಬಹಳ ಹೊತ್ತು ಯೋಚಿಸಿ ಒಂದು ದಾರಿ ಹೇಳಿದ.

“ಹೋಗಿ ಅವರಿಗೆ ಹೇಳು, ತಪ್ಪಾತು, ಹಾವಿನ ತುಂಡು ಕಾಲುವಿ ದಂಡ್ಯಾಗ ಸಿಕ್ಕಿತ್ತು ಅಂತ. ಹಕ್ಕಿ ಕೃಷ್ಣಪ್ಪರುಂದ್ ಅನ್ನು. ಅದನ್ನ ಕಂಡ್ರ ಇಲ್ಲಿ ಮಂದಿ ಕೈ ಮುಗೀತಾರ. ಮರದ ಸುದ್ದಿಗೆ ಯಾರೂ ಹೋಗಂಗಿಲ್ಲ.”

“ಕೃಷ್ಣಪ್ಪರುಂದ್ ಅಂದ್ರೆ ಗರುಡ. ಕೆಂಪು ಮೈ, ಬಿಳಿ ತಲೆ. ಅಮ್ಮೂಮ್ಮನಿಗೆ ಅದು ಗೊತ್ತಿಲ್ಲವೇನು?”

“ವಯಸ್ಸಾಗೇತಿ, ಕಣ್ಣು ಮಂಜು ಇರ್ತಾವ. ಹೇಳಿದ್ರ ನಂಬತಾರ.”

ನಾನು ಆಯಿಯ ಕಡೆ ನೋಡಿದೆ. ಸತ್ಯವೇ ವ್ರತ ಎಂದು ದಿನಾ ಪಾಠ ಹೇಳುವವಳು ಅವಳು. ಆಯಿ ಜಪದ ಮಣಿ ಕೆಳಗಿಟ್ಟಳು.

“ಒಂದು ಜೀವ ಹೋಗೂ ಹಂಗಿದ್ರ ಅಂಥಾ ಖರೇ ಮಾತು ಆಡಬಾರದು ಅಂತ ಶಾಸ್ತ್ರದಾಗ ಐತಿ. ಅಪ್ಪ ಹೇಳಿದಂಗ ಮಾಡವ್ವ.”

ಶಾಸ್ತ್ರವೂ ಕೈಕೊಟ್ಟ ಮೇಲೆ ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಎಲ್ಲರಿಗೂ ಅರ್ಥವಾಗಲಿ ಎಂದು ಬಾಯಿಗೆ ಬಂದ ಕನ್ನಡದಲ್ಲೇ ಕಿರುಚಿದೆ.

“ಅದೇನ್ ತಪ್ಪು ಮಾಡೇತಿ? ಬ್ಯಾರೆಯವರ ಹೆಸರು ಹೇಳಿಕೊಂಡು ಯಾಕ ಬದುಕಬೇಕು? ನೀ ಪಟೇಲ್ ಸಾರ್ ಆದಂಗ ಅದೂ ಆಗಬೇಕೇನು?”

ಅವ್ವ ನನ್ನ ಕೆನ್ನೆಗೆ ಹೊಡೆದಳು. ಅಪ್ಪ ಹೊಡೆಯಲಿಲ್ಲ, ಬೈಯಲೂ ಇಲ್ಲ. ಪೇಪರು ಮಡಚಿ ಮುಂದಿನ ಕೋಣೆಗೆ ಎದ್ದುಹೋದ. ಆ ಮಾತು ಅವನಿಗೆ ನೋವು ಕೊಟ್ಟಿತು ಎಂದು ನನಗೆ ಗೊತ್ತು. ಆದರೂ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದು ನನಗೆ ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸುವುದಿಲ್ಲ. ಉಳಿಸುವುದಾದರೆ ಅದರ ಸ್ವಂತ ಹೆಸರಿನಲ್ಲೇ ಉಳಿಸಬೇಕು ಎಂದು ತೀರ್ಮಾನ ಮಾಡಿದೆ. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಹಗ್ಗ, ಗರಗಸದೊಂದಿಗೆ ಮರ ಕಡಿಯುವವನು ಬಂದಾಗ ನಾನು ಬುಡದಲ್ಲಿ ಬೇರಿಗೆ ಬೆನ್ನು ಕೊಟ್ಟು ಕೂತಿದ್ದೆ. ಏಳು ಎಂದ, ಏಳಲಿಲ್ಲ. ಸುರೇಂದ್ರನ್ ಮೊದಲು ತಮಾಷೆ ಮಾಡಿದ, ಆಮೇಲೆ ಗದರಿದ, ಆಮೇಲೆ ಅರ್ಧ ದಿನದ ರಜೆಯಲ್ಲಿ ಮನೆಯಲ್ಲಿದ್ದ ಅಪ್ಪನನ್ನು ಕರೆಸಿದ. ಅಪ್ಪ ಬಂದು ತಲೆ ತಗ್ಗಿಸಿ ನಿಂತು “ಏಳವ್ವ” ಎಂದ. ನಾನು ಬೇರನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಬೇರೆಯವರ ಮಗಳನ್ನು ಮುಟ್ಟಿ ಎಬ್ಬಿಸುವ ಧೈರ್ಯ ಉಳಿದವರಿಗೆ ಇರಲಿಲ್ಲ, ಅಪ್ಪನಿಗೆ ಮನಸ್ಸು ಇರಲಿಲ್ಲ. ಮೇಲೆ ತಾಯಿ ಹಕ್ಕಿ ಸುತ್ತುತ್ತ ಅದೇ ಜಗಳದ ಸಿಳ್ಳೆ ಹೊಡೆಯುತ್ತಿತ್ತು. ಇರುವೆ ಕಚ್ಚಿ ಕಾಲಿನ ತುಂಬ ದದ್ದು ಎದ್ದಿತ್ತು. ಹೊತ್ತು ಇಳಿಯುತ್ತ ಬಂತು. ನಮ್ಮ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಎಂದಿನ ಹಾಗೆ ಶುರುವಾಗಿ ಎಂದಿನ ಹಾಗೆ ನಿಂತಿತು. ಇನ್ನು ಊಟದ ಹೊತ್ತು, ಅವ್ವ ಬಂದು ರಟ್ಟೆ ಹಿಡಿದು ಎಳೆದೊಯ್ಯುತ್ತಾಳೆ, ಮುಗಿಯಿತು ನನ್ನ ಕಥೆ ಎಂದುಕೊಂಡೆ.

ಅವ್ವ ಬಂದಳು. ಕೈಯಲ್ಲಿ ತಾಟು. ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ. ತಾಟು ನನ್ನ ಮುಂದಿಟ್ಟು, ಸೀರೆ ಒಟ್ಟು ಮಾಡಿಕೊಂಡು ಪಕ್ಕದಲ್ಲೇ ನೆಲಕ್ಕೆ ಕೂತಳು.

“ಹೊತ್ತು ಮುಳುಗಾಕ ಬಂದೈತಿ, ತಿನ್ನು,” ಎಂದಳು. ಆಮೇಲೆ ಸುರೇಂದ್ರನ್ ಕಡೆ ತಿರುಗಿ, ತನಗೆ ಬರುವ ಅಷ್ಟಿಷ್ಟು ಮಲಯಾಳದಲ್ಲಿ, “ಮಗು ಊಟ ಮಾಡುತ್ತಿದೆ. ಊಟಕ್ಕೆ ಕೂತವರನ್ನು ಎಬ್ಬಿಸುವುದು ನಮ್ಮಲ್ಲಿ ಇಲ್ಲ,” ಎಂದಳು.

ಸ್ವಲ್ಪ ಹೊತ್ತಿಗೆ ಆಯಿ ತನ್ನ ತಾಟು ಹಿಡಿದು, ಗೋಡೆ ಹಿಡಿದು, ನಿಧಾನವಾಗಿ ಬಂದಳು. ಒಬ್ಬಳೇ ಕೂತು ಉಂಡರೆ ತನಗೆ ಇಳಿಯುವುದಿಲ್ಲವಂತೆ. ಅಪ್ಪ ಒಂದು ಗಳಿಗೆ ನಿಂತು ನೋಡಿ, ಒಳಗೆ ಹೋಗಿ ನೀರಿನ ತಂಬಿಗೆ ತಂದು ನಮ್ಮ ನಡುವೆ ಇಟ್ಟು ತಾನೂ ಕೂತ. ಅಂಥ ನಿಧಾನದ ಊಟ ನಮ್ಮ ಮನೆತನದಲ್ಲಿ ಯಾರೂ ಉಂಡಿರಲಾರರು. ಅವ್ವ ಒಂದೊಂದೇ ರೊಟ್ಟಿ ತರಲು ಎದ್ದು ಹೋಗಿ ಬರುತ್ತಿದ್ದಳು. ಮರ ಕಡಿಯುವವನು ಆಕಾಶ ನೋಡಿದ, ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡ. ಮೂರುಸಂಜೆಯಾದ ಮೇಲೆ ಕಾವಿನ ಬಳಿ ಮರ ಹತ್ತುವುದಿಲ್ಲ, ಸೋಮವಾರ ನೋಡೋಣ ಎಂದ. ಸುರೇಂದ್ರನ್ ಅವನ ಮೇಲೆ ರೇಗುತ್ತಿರುವಾಗಲೇ ಅಮ್ಮೂಮ್ಮ ಕೈಯಲ್ಲಿ ದೀಪ ಹಿಡಿದು ಬಂದರು. ಮರದ ಕೆಳಗೆ ಎಲೆ ಹಾಕಿದ ಮದುವೆ ಪಂಕ್ತಿಯ ಹಾಗೆ ಕೂತಿದ್ದ ನಮ್ಮನ್ನು ನೋಡಿ ನಿಂತರು. ಆಯಿ ಕೈ ತೊಳೆದುಕೊಂಡು ಎದ್ದಳು. ಆಯಿಗೆ ಮಲಯಾಳ ಬಾರದು, ಅಮ್ಮೂಮ್ಮನಿಗೆ ಕನ್ನಡ ಬಾರದು.

“ಅವರಿಗೆ ಹೇಳು,” ಎಂದಳು ಆಯಿ ನನಗೆ. “ನಮ್ಮ ದೇವರ ತಲಿ ಮ್ಯಾಲೂ ಹಾವೇ ಐತಿ. ದಿನಾ ಕೈ ಮುಗೀತೀನಿ. ಹದ್ದಿನ ಗೂಡು ಕೆಡವು ಅಂತ ಆ ಹಾವು ಒಂದು ದಿನಾನೂ ನನಗ ಹೇಳಿಲ್ಲ.”

ನಾನು ಹೇಳಿದೆ. ಆಯಿ ಹೇಳಿದ್ದನ್ನು ಹೇಳಿ, ನನ್ನದನ್ನೂ ಸೇರಿಸಿದೆ: “ಇದು ಹಾವುಹದ್ದೇ ಅಮ್ಮೂಮ್ಮ. ಹಾವು ತಿನ್ನುತ್ತದೆ. ಹಾವು ಇಲ್ಲದ ಕಡೆ ಇದು ಗೂಡು ಕಟ್ಟುವುದಿಲ್ಲ.”

ಅಮ್ಮೂಮ್ಮ ಕಾವಿನೊಳಗೆ ಹೋಗಿ ಕಲ್ಲುಗಳ ಮುಂದೆ ದೀಪ ಇಟ್ಟರು. ಎಂದಿಗಿಂತ ಹೆಚ್ಚು ಹೊತ್ತು ಅಲ್ಲೇ ನಿಂತಿದ್ದರು. ಹೊರಗೆ ಬಂದವರು ಮಗನನ್ನು ಕರೆದರು.

“ಸುರೇಂದ್ರಾ, ಇದು ನಾಗಂಗಳ ಜಾಗ. ಆ ಹಕ್ಕಿ ಅವರಿಗೆ ಬೇಡವಾದರೆ ಅವರೇ ಓಡಿಸಲಿ. ನಿನ್ನ ಹತ್ತಿರ ಬಂದು ಹೇಳಿದರಾ?”

“ಮತ್ತೆ ಕೋಳಿ?”

“ಕೋಳಿ ತಿನ್ನುವುದು ಇನ್ನೊಂದು ಅಂತ ಹುಡುಗಿ ಹೇಳುತ್ತಾಳಲ್ಲ. ಮರಿ ಹಾರುವವರೆಗೆ ಮರ ಮುಟ್ಟಬೇಡ. ಆಮೇಲೆ ನೋಡೋಣ.”

ಮರುದಿನದಿಂದ ಅಮ್ಮೂಮ್ಮ ನಮ್ಮ ಒಗೆಯುವ ಕಲ್ಲಿನ ಮೇಲೆ ಕೂರತೊಡಗಿದರು. ವ್ಯತ್ಯಾಸ ತೋರಿಸು ಎಂದರು. ನಾನು ತೋರಿಸಿದೆ: ಮುಖದ ಹಳದಿ, ಹೊಟ್ಟೆಯ ಚುಕ್ಕಿ, ಸಿಟ್ಟು ಬಂದಾಗ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ಕುತ್ತಿಗೆಯ ಜುಟ್ಟು, ಮತ್ತೆ ಎಲ್ಲಕ್ಕಿಂತ ಮುಖ್ಯ, ಕಾಲು. ಮಂಜುಗಣ್ಣು ಎಂದು ಅಪ್ಪ ಅಂದುಕೊಂಡಿದ್ದ ಆ ಕಣ್ಣು ನನ್ನದಕ್ಕಿಂತ ಚುರುಕಾಗಿತ್ತು. ಮೇ ತಿಂಗಳ ಕೊನೆಗೆ ನಮ್ಮ ಸಾಮಾನು ಲಾರಿಗೆ ಏರಿತು. ಮರಿ ಇನ್ನೂ ಗೂಡಿನ ಅಂಚಿನಲ್ಲಿ ನಿಂತು ರೆಕ್ಕೆ ಬಡಿಯುತ್ತಿತ್ತು, ಹಾರಿರಲಿಲ್ಲ. ಅದನ್ನು ಬಿಟ್ಟು ಹೊರಡುವುದೆಂದರೆ ನನಗೆ ಜೀವವೇ ಹೋದ ಹಾಗಾಯಿತು. ನಾನು ಅತ್ತೆ, ಯಾರ ಎದುರೂ ನಾಚಿಕೊಳ್ಳದೆ ಅತ್ತೆ.

ತಿರುವನಂತಪುರದಲ್ಲಿ ಕಳಕ್ಕೂಟಂ ಕಡೆ ಒಂದು ಫ್ಲಾಟು. ಅಕ್ಕಪಕ್ಕದಲ್ಲಿ ಐಟಿ ಪಾರ್ಕಿನ ಹುಡುಗ ಹುಡುಗಿಯರು, ಕೆಳಗೆ ಸಾಲು ಸಾಲು ಸ್ಕೂಟರು, ಬಾಲ್ಕನಿಯಿಂದ ನೋಡಿದರೆ ಕಸದ ರಾಶಿಯ ಮೇಲೆ ಸುತ್ತುವ ಊರ ಹದ್ದು. ಅವ್ವನ ರೊಟ್ಟಿಯ ಸದ್ದಿಗೆ ಕೆಳಗಿನ ಮನೆಯವರು ತಕರಾರು ಮಾಡಿದರು. ಅಪ್ಪ ಕೆಳಗಿಳಿದು ಹೋಗಿ, ತಾನು ಪಾಟೀಲ, ಬೆಳಗಾವಿಯವನು, ತಮ್ಮಲ್ಲಿ ರೊಟ್ಟಿ ಬಡಿದೇ ಮಾಡುವುದು ಎಂದು ಹೇಳಿ ಬಂದ. ನಾನು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡೆ. ಮಳೆ ಹಿಡಿದು ಕೂತ ಒಂದು ಸಂಜೆ ಫೋನು ಬಂತು. ಅವ್ವ ಎತ್ತಿ, ನಿನಗೇ ಎಂದು ಕೊಟ್ಟಳು. ಅಮ್ಮೂಮ್ಮ.

“ಮರಿ ಹಾರಿತು ಮೋಳೇ. ಈಗ ತೆಂಗಿನ ಗರಿಯ ಮೇಲೆ ಕೂತು ಕಿರುಚುವುದು ಕಲಿಯುತ್ತಿದೆ, ನಿನ್ನ ಹಾಗೆ.”

ನಾನು ಕುಣಿದೆ. ಇನ್ನೊಂದು ವಿಷಯ ಎಂದರು ಅವರು.

“ನಿನ್ನೆ ಒಂದು ಪಿಳ್ಳೆ ಹೋಯಿತು. ನಾನು ಅಲ್ಲೇ ಇದ್ದೆ, ಕಣ್ಣಾರೆ ನೋಡಿದೆ. ಹಳದಿ ಕಾಲು. ಬೋಳು. ನಿನ್ನದೇ ಹಕ್ಕಿ.”

ಅದು ಕೋಳಿ ಮುಟ್ಟುವುದಿಲ್ಲ ಎಂದು ಇಡೀ ಕಾಂಪೌಂಡಿನ ಎದುರು ನಾನು ಆಣೆ ಇಟ್ಟ ಹಾಗೆ ಹೇಳಿದ್ದೆ. ಆ ಮಾತಿನ ಮೇಲೇ ಮರ ನಿಂತಿತ್ತು. ಈಗ ಮರಿಯೂ ಹಾರಿತ್ತು; ಅಮ್ಮೂಮ್ಮ ಕೊಟ್ಟ ಗಡುವೂ ಮುಗಿದಿತ್ತು. ಹಸಿದ ಹಕ್ಕಿ, ಮಳೆಗೆ ಹಾವು ಸಿಕ್ಕಿರಲಿಕ್ಕಿಲ್ಲ, ಎಲ್ಲೋ ಒಂದು ಸಲ ಎಂದೆಲ್ಲ ಬಾಯಿಗೆ ಬಂತು. ಯಾವುದನ್ನೂ ಹೇಳಲಿಲ್ಲ. ನಿರಪರಾಧಿಯಾದರೆ ಮಾತ್ರ ಬದುಕಲು ಬಿಡಿ ಎಂದು ಅಷ್ಟು ದಿನ ವಾದಿಸಿದ್ದೆನಲ್ಲ, ಆ ವಾದವೇ ಸೋತದ್ದು ಎಂದು ನನಗೆ ಆ ಫೋನು ಹಿಡಿದು ನಿಂತಾಗ ತಿಳಿಯಿತು.

“ಸುರೇಂದ್ರಣ್ಣನಿಗೆ ಗೊತ್ತಾಯಿತಾ?” ಎಂದೆ.

“ಕೇಳಿದ, ಯಾವ ಹದ್ದು ಅಂತ. ಪೈಜಾಮದ್ದು ಅಂದೆ.”

“ಅಮ್ಮೂಮ್ಮ! ಸುಳ್ಳು ಹೇಳಿದಿರಾ?”

“ಹೇಳಿದೆ. ಏನೀಗ?”

“ಇನ್ನೂ ಕೋಳಿ ಹೋದರೆ?”

“ಹೋಗಲಿ,” ಎಂದರು ಅಮ್ಮೂಮ್ಮ. “ಕೋಳಿ ನನ್ನದು. ಮರವೂ ನನ್ನದು.”